ಪಾದದಲ್ಲಿ ಮುಗಿಯುವ ವಿಳಾಸ

ಪ್ರೀತಿಯ ತೆಯೋಫಿಲೊ ಅಣ್ಣನಿಗೆ,

ನಮ್ಮ ಚಪ್ಪಲಿ ಅಂಗಡಿಗೂ ಇಂಟರ್ನೆಟ್ಟಿನಲ್ಲಿ ಒಂದು ವಿಳಾಸವಾಯಿತು. ನೀನು ಬ್ಯೂನಸ್ ಐರಿಸ್‌ನಿಂದ ಹೇಳಿ ಕಳಿಸಿದಂತೆ ಕೊನೆಗೆ ‘ಡಾಟ್ ಕಾಮ್’ ಹಾಕಿಸಲಿಲ್ಲ, ಬೈಯಬೇಡ.

ಸೊಸೆ ನಿಲ್ಡಾ, “ಅತ್ತೆ, ನಮ್ಮ ಪರಾಗ್ವೆಗೆ ಅಂತಾನೇ ‘ಡಾಟ್ ಪಿ ವೈ’ ಇದೆ. ಆದ್ರೆ ಹಳ್ಳಿ ಗುಗ್ಗು ಥರ ಕಾಣುತ್ತೆ” ಅಂದಳು. ಬರೆದು ತೋರಿಸೆಂದೆ. ಎರಡಕ್ಷರ ಕೂಡಿಸಿ ಓದಿದರೆ, ನಮ್ಮ ಗ್ವಾರಾನಿ ಭಾಷೆಯಲ್ಲಿ ‘ಪಾದ’ ಅನ್ನುವ ಪದ!

“ಚಪ್ಪಲಿ ಹೊಲಿಯೋಳಿಗೆ ಪಾದ ಬಿಟ್ಟು ಇನ್ನೇನು ಬೇಕೇ, ಹುಚ್ಚಿ?” ಅಂದೆ. ಕುಡಿಯುತ್ತಿದ್ದ ತೆರೆರೆ ಅವಳ ನೆತ್ತಿಗೇರಿತು.

ಶಾಲೆಯಲ್ಲಿ ಮೇಷ್ಟ್ರು ಕಾಲು ತೋರಿಸಿ ಇದೇನೆಂದಾಗ ನೀನು ಸ್ಪ್ಯಾನಿಷ್ ಬಿಟ್ಟು ಇದೇ ಪದ ಹೇಳಿದ್ದೆ. ಉಪ್ಪಿನ ಮೇಲೆ ಮಂಡಿಯೂರಿಸಿದ್ದರು. ಈಗ ಆ ಶಾಲೆಯ ವಿಳಾಸವೂ ಪಾದದಲ್ಲೇ ಮುಗಿಯುತ್ತದೆ, ಮಂತ್ರಿಗಳದ್ದೂ ಅಷ್ಟೇ. ನಿಲ್ಡಾ ಒಂದೊಂದಾಗಿ ತೆಗೆದು ತೋರಿಸಿದಳು. ನಾನು ಒಂದೊಂದನ್ನೂ ಗಟ್ಟಿಯಾಗಿ ಓದಿದೆ.

ಮೊದಲ ಜೋಡಿ ನಿನಗೇ. ಚರ್ಮ ನೆನೆಹಾಕಿದ್ದೇನೆ, ತಡಮಾಡಬೇಡ. ಕಾಗದದ ಮೇಲೆ ಕಾಲಿಟ್ಟು ಸುತ್ತ ಗೀಟೆಳೆದು ಕಳಿಸು. ಅದೇನೆಂದು ಕೆಳಗೆ ನಮ್ಮ ಮಾತಿನಲ್ಲೇ ಬರೆ. ನೀನು ಊರಿಗೆ ಬಂದಾಗ, ಈ ಸಲ ಮಂಡಿಯೂರುವವಳು ನಾನು, ನಿನ್ನ ಕಾಲಿಗೆ ಚಪ್ಪಲಿ ತೊಡಿಸಲು.

ನಿನ್ನ ತಂಗಿ,
ಎಲಾಡಿಯಾ