ಊಟಕ್ಕೆ ಬರೆದ ಹೆಸರುಗಳು

ಹಿಲ್ಸ್‌ಬರೋ
ಸೋಮವಾರ, 11 ಆಗಸ್ಟ್ 2025

ಪ್ರೀತಿಯ ಅಂಬುಜಾ,

ಉಭಯ ಕುಶಲೋಪರಿ ಎಂದು ಶುರು ಮಾಡಲು ಹೊರಟೆ, ಕೈ ಬರಲಿಲ್ಲ. ಇಲ್ಲಿಂದ ನಿಮ್ಮ ಪುಕೆಕೊಹೆಗೆ ನಲವತ್ತು ನಿಮಿಷದ ದಾರಿ, ಅದಕ್ಕೆ ಕಾಗದ ಯಾಕೆ ಅಂತ ನಗಬೇಡ. ಫೋನ್ ಮಾಡಿದರೆ ನೀನು ಹೋಗಲಿ ಬಿಡೇ ಅನ್ನುತ್ತೀ, ನಾನೂ ಬಿಟ್ಟುಬಿಡುತ್ತೇನೆ. ಫ್ಲಾಟ್‌ಮೇಟ್ಸ್ ಆಗಿದ್ದ ಕಾಲದಿಂದ ನಮ್ಮಿಬ್ಬರದು ಹೀಗೇ ನಡೆದಿದೆ.

ನನ್ನ ಕೆಲಸವೇನು ಎಂದು ನೀನು ಕೇಳಿದಾಗೆಲ್ಲ ಆಫೀಸು ಕೆಲಸ ಅಂತ ತೇಲಿಸಿದ್ದೇನೆ. ಇವತ್ತು ಸರಿಯಾಗಿ ಹೇಳುತ್ತೇನೆ. ನಮ್ಮ ಸಂಸ್ಥೆಯವರು ಪಶ್ಚಿಮದ ಕಡಲಲ್ಲಿ ಹಡಗು ನಿಲ್ಲಿಸಿ ಉಪ್ಪುನೀರನ್ನು ಸಣ್ಣ ಹನಿ ಮಾಡಿ ಮೋಡದೊಳಕ್ಕೆ ಚಿಮ್ಮಿಸುತ್ತಾರೆ. ಮೋಡ ಇನ್ನಷ್ಟು ಬೆಳ್ಳಗಾದರೆ ಬಿಸಿಲು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ, ಭೂಮಿ ತುಸು ತಣ್ಣಗಾಗುತ್ತದೆ ಎಂಬ ಆಸೆ. ಹಾಗೆ ಮಾಡುವ ಮೊದಲು ಆ ಮೋಡದ ಕೆಳಗೆ ಬದುಕುವವರನ್ನು ಕೇಳಬೇಕು ಎಂದು ನೀತಿ ಸಮಿತಿಯ ನಿಯಮ. ಕೇಳುವವಳು ನಾನು. ಸಂಬಳ ಕೊಡುವುದೇ ಅದಕ್ಕೆ.

ತಕಾನಿನಿ ಹಾಲ್‌ನಲ್ಲಿ ಯುಗಾದಿ ಊಟದ ದಿನ ನೆನಪಿದೆಯಾ? ಕನ್ನಡ ಸಂಘದ ಬದರಿನಾಥ್ ಅಂಕಲ್ ಪೂಜೆಗೂ ಊಟಕ್ಕೂ ನಡುವೆ ನನಗೆ ಹತ್ತು ನಿಮಿಷ ಕೊಟ್ಟಿದ್ದರು. ಒಬ್ಬಟ್ಟಿನ ವಾಸನೆ ಬರುತ್ತಿದ್ದಾಗ ಮೋಡದ ಮಾತು ಯಾರಿಗೆ ಬೇಕು? ಎಲ್ಲರೂ ನನ್ನ ಮೇಲಿನ ಮರ್ಯಾದೆಗೆ ತಲೆಯಾಡಿಸಿದರು. ಕೈಯೆತ್ತಿದವಳು ನೀನೊಬ್ಬಳೇ. ಮಳೆ ಏರುಪೇರಾದರೆ ನಿಲ್ಲಿಸಿ ಅನ್ನಲು ನಾವು ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದೆ. ಊಟ ಆದ ಮೇಲೆ ಹೇಳುತ್ತೇನೆ ಎಂದೆ ನಾನು. ಆಮೇಲೆ ನಿನ್ನ ತಟ್ಟೆಗೆ ಎರಡು ಒಬ್ಬಟ್ಟು ಹಾಕಿ, ತುಪ್ಪ ಬಡಿಸಿ, ಮಾತು ಮರೆಸಿದೆ. ಅಂಥ ನಂಬರೇ ಇರಲಿಲ್ಲ ಕಣೇ.

ಬಾಗಿಲ ಹತ್ತಿರ ಒಂದು ಹಾಳೆ ಇತ್ತು, ಎಷ್ಟು ಜನಕ್ಕೆ ಊಟ ಬೇಕು ಎಂದು ತಿಳಿಯಲು ಹೆಸರು ಬರೆಸಿ ಸಹಿ ಹಾಕಿಸಿಕೊಳ್ಳುವ ಹಾಳೆ, ಅದನ್ನು ಸಂಜೆ ಮನೆಗೆ ತಂದೆ. ನನ್ನ ವರದಿಗೆ ಲಗತ್ತಿಸಿದೆ. ಭಾಗವಹಿಸಿದವರು ಅರವತ್ತಮೂರು, ವಿರೋಧ ಇಲ್ಲ ಎಂದು ಬರೆದೆ. ನಿನ್ನ ಪ್ರಶ್ನೆ ಬರೆಯಲಿಲ್ಲ. ವಲಸೆ ಬಂದ ಸಮುದಾಯವೊಂದು ಇಷ್ಟು ಸಂಖ್ಯೆಯಲ್ಲಿ ಸೇರಿದ್ದು ಇದೇ ಮೊದಲು ಎಂದು ಸಮಿತಿಯವರು ನನ್ನನ್ನು ಹೊಗಳಿದರು. ಮೇ ತಿಂಗಳಲ್ಲಿ ಹಡಗು ಹೊರಟಿತು.

ಜೂನಿನಲ್ಲಿ ನಿಮ್ಮ ಹೊಲದ ಮೇಲೆ ಹತ್ತೊಂಬತ್ತು ದಿನ ಜಿಟಿಜಿಟಿ ಬಿಡಲಿಲ್ಲ. ಪಾಲಕ್ ಎಲೆಯಡಿ ಬೂಷ್ಟು ಹಿಡಿದು, ನಿನ್ನ ಯಜಮಾನರು ದತ್ತಾತ್ರೇಯ ಅವರು ಇಡೀ ಬೆಳೆಯನ್ನು ಟ್ರ್ಯಾಕ್ಟರ್ ಹೊಡೆದು ಮಣ್ಣಿಗೆ ಸೇರಿಸಿದರು. ನೀನು ಫೋನ್ ಮಾಡಿದಾಗ ಸಿಟ್ಟು ಮಾಡಲಿಲ್ಲ. ಇದು ಆ ಹಡಗಿನದಾ ಎಂದಷ್ಟೇ ಕೇಳಿದೆ. ಸಂಬಂಧವೇ ಇಲ್ಲ ಎಂದು ನಾನು ತಕ್ಷಣ ಹೇಳಿದೆ. ನಿಜ ಏನೆಂದರೆ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಜೂನ್ ಇಲ್ಲಿ ಚಳಿಗಾಲ, ಮಳೆ ತಾನಾಗಿಯೇ ಬಂದಿರಬಹುದು, ಹಡಗಿನಿಂದಲೂ ಬಂದಿರಬಹುದು. ಗೊತ್ತುಮಾಡಿಕೊಳ್ಳುವ ದಾರಿಯನ್ನು ಯಾರೂ ಮೊದಲೇ ಇಟ್ಟಿರಲಿಲ್ಲ.

ಫೋನ್ ಇಟ್ಟ ಮೇಲೆ ಅಳು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಅನ್ನಕ್ಕಿಟ್ಟೆ, ಬಟ್ಟೆ ಮಡಿಸಿದೆ. ಆವತ್ತಿನಿಂದ ಹೀಗೇ ಇದ್ದೇನೆ. ಹಲ್ಲು ಕೀಳಿಸಲು ಸೂಜಿ ಚುಚ್ಚಿದ ಮೇಲೆ ತುಟಿ ನಮ್ಮದಲ್ಲ ಅನಿಸುತ್ತದಲ್ಲ, ಹಾಗೆ. ನಾಚಿಕೆಯಾಗಬೇಕು ಎಂದು ಗೊತ್ತಿದೆ, ಆಗುತ್ತಿಲ್ಲ.

ಈಗ ಸಂಸ್ಥೆಯವರು ಮೂರು ವರ್ಷದ ದೊಡ್ಡ ಪ್ರಯೋಗಕ್ಕೆ ಒಪ್ಪಿಗೆ ಕೇಳುತ್ತಿದ್ದಾರೆ. ಈ ಗುರುವಾರ ಹತ್ತು ಗಂಟೆಗೆ ಸಮಿತಿ ಕೂರುತ್ತದೆ. ನಿಮ್ಮನ್ನು ಮತ್ತೆ ಕೇಳುವ ಅಗತ್ಯವಿಲ್ಲವಂತೆ, ಹಳೆಯ ಹಾಳೆಯೇ ಸಾಕಂತೆ. ಇವತ್ತು ಬೆಳಿಗ್ಗೆ ಸಮಿತಿಗೆ ಬರೆದು ಕಳಿಸಿದೆ: ಅದು ಊಟದ ಪಟ್ಟಿ, ಒಪ್ಪಿಗೆಯದಲ್ಲ, ಬಂದ ಪ್ರಶ್ನೆಯನ್ನು ನಾನು ಬಿಟ್ಟಿದ್ದೆ ಎಂದು. ಕೆಲಸ ಹೋಗುತ್ತದೆ, ಹೋಗಲಿ. ಆದರೆ ಊಟದ ಪಟ್ಟಿಯಾದರೂ ಸಹಿ ಸಹಿಯೇ, ಜನ ಸಭೆಯಲ್ಲಿ ಕೂತಿದ್ದರಲ್ಲ ಎಂದು ಅವರು ಹೇಳಬಹುದು. ನೀನು ಬಂದು ಆ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳಬೇಕು. ಹಾಳೆಯ ನಕಲು ಜೊತೆಗಿಟ್ಟಿದ್ದೇನೆ, ಅದರ ಹಿಂದೆ ಸಭೆಯ ವಿಳಾಸ ಬರೆದಿದ್ದೇನೆ.

ಕ್ಷಮಿಸು ಎಂದು ಬರೆಯುವುದಿಲ್ಲ. ನೀನು ಕ್ಷಮಿಸಿಬಿಡುತ್ತೀ, ಅದೇ ಭಯ.

ನಿನ್ನ
ಕಾತ್ಯಾಯಿನಿ

ತಾ.ಕ.: ಹಾಳೆಯಲ್ಲಿ ನಲವತ್ತೊಂದನೆಯ ಸಾಲು ನೋಡು. ಆ ದಿನ ನೀವಿಬ್ಬರು ಬಂದದ್ದು ನನ್ನ ಮಾತಿನ ಮಧ್ಯೆ, ಹಾಳೆಯ ಹತ್ತಿರ ಹೋಗಲೇ ಇಲ್ಲ. ನಿಮಗೆ ಊಟ ಸಾಲದೆ ಹೋದೀತೆಂದು ಮೊದಲೇ ನಿನ್ನ ಹೆಸರು ಬರೆದು, ಮುಂದೆ ಸಹಿಯನ್ನೂ ಹಾಕಿದವಳು ನಾನು. ಪ್ರೀತಿಗೇ ಹಾಕಿದ್ದು. ಸಮಿತಿಗೆ ಎಲ್ಲ ಬರೆದೆ, ಇದೊಂದನ್ನು ಬರೆಯಲಿಲ್ಲ. ಅದು ನಿನ್ನ ಸಹಿಯಲ್ಲ ಎಂದು ಗುರುವಾರ ನೀನೇ ಹೇಳು. ನಾನು ಎದುರಿಗೇ ಕೂತಿರುತ್ತೇನೆ.