ಚೆಲ್ಲಿದ ಔಷಧಿ

ಕೊಟ್ಟೂರು
12-2-2025

ತಂಗಿ ಅಮೃತಾ,

ಇಪ್ಪತ್ತು ದಿನದಿಂದ ನೀನು ನನ್ನ ಫೋನ್ ಎತ್ತಿಲ್ಲ. ಎತ್ತೆನ್ನುವ ಮುಖವೂ ನನಗಿಲ್ಲ. ಈ ಪತ್ರವನ್ನಾದರೂ ಹರಿಯದೆ ಓದು.

ಹೊಳಲಿನ ನಿಮ್ಮ ಮನೆಯಲ್ಲಿ ನಿನ್ನ ಮಗಳು ಶಿವಲೀಲಾಳ ನಿಶ್ಚಿತಾರ್ಥದ ದಿನ ನಾನೇನು ಆಡಿದೆನೋ ನನಗೆ ನೆನಪಿಲ್ಲ. ನಮ್ಮ ಮನೆಯವರು ಹೇಳಿದ್ದಷ್ಟೇ ಗೊತ್ತು. "ಯಾರ್ರೀ ನೀವು? ನಮ್ಮನ್ಯಾಗ ಯಾಕ ಕುಂತೀರಿ? ಏಳ್ರಿ ಮ್ಯಾಲ" ಎಂದು ಹುಡುಗನ ತಾಯಿಯನ್ನೇ ಗದರಿದೆನಂತೆ. ಸೆರಗು ಜಾರಿದ್ದೂ ತಿಳಿಯದೆ ತೂರಾಡಿದೆನಂತೆ. ಯಾರೋ "ಕುಡುದಾಳ" ಎಂದರಂತೆ, ಬೀಗರು ಶಾಸ್ತ್ರ ಅರ್ಧಕ್ಕೇ ಬಿಟ್ಟು ಎದ್ದರಂತೆ. ನೀನು ಅಳುತ್ತಾ "ಇನ್ನ ನಮ್ಮನಿ ಹೊಸ್ತಿಲಾ ತುಳೀಬ್ಯಾಡಕ್ಕಾ" ಎಂದೆಯಂತೆ. ನಿನ್ನ ತಪ್ಪಿಲ್ಲ ಬಿಡು.

ಮುಚ್ಚಿಟ್ಟಿದ್ದನ್ನು ಈಗ ಹೇಳುತ್ತೇನೆ. ಎರಡು ವರ್ಷದಿಂದ ನನ್ನ ಲಿವರ್ ಕೆಟ್ಟು ಗಟ್ಟಿಯಾಗಿದೆ. ಸಕ್ಕರೆ ಕಾಯಿಲೆ, ಕೊಬ್ಬಿನಿಂದ ಬಂದಿದ್ದು. ಹನಿ ಸೆರೆ ನಾಲಿಗೆಗೆ ಮುಟ್ಟಿಸಿದವಳಲ್ಲ ನಾನು. ಯಾರಿಗೆ ಹೇಳಿ ನಂಬಿಸಲಿ? ಹುಡುಗಿಯ ದೊಡ್ಡವ್ವನಿಗೆ ಕುಡುಕರ ರೋಗವೆಂದು ಸುದ್ದಿಯಾದರೆ ಸಂಬಂಧ ತಪ್ಪೀತೆಂದು ಸುಮ್ಮನಿದ್ದೆ. ಹೊಟ್ಟೆಯಲ್ಲಿ ತುಂಬಿದ ನೀರು ತೆಗೆಸಿಕೊಂಡು ಬಂದಾಗಲೂ ನಿನಗೆ ಗ್ಯಾಸ್ ಎಂದೇ ಹೇಳಿದ್ದೆ.

ಲಿವರ್ ಸೋಸದ ವಿಷ ತಲೆಗೇರಬಾರದೆಂದು ಡಾಕ್ಟರು ಸಿಹಿಯಾದ ಸಿರಪ್ ಕೊಟ್ಟಿದ್ದಾರೆ. ಕುಡಿದರೆ ದಿನಕ್ಕೆ ಮೂರು ಸಲ ಹೊರಕಡೆ ಹೋಗಬೇಕಾಗುತ್ತದೆ. ಬೀಗರು ತುಂಬಿದ ಮನೆಯಲ್ಲಿ ಪದೇ ಪದೇ ಎದ್ದು ಹೋಗುವುದು ಹೇಗೆಂದು ನಾಚಿ, ಎರಡು ದಿನ ಮೊದಲಿಂದಲೇ ಅದನ್ನು ಬಚ್ಚಲಿಗೆ ಚೆಲ್ಲಿದೆ. ಕುಡಿದೆನೆಂದು ಇವರಿಗೆ ಸುಳ್ಳು ಹೇಳಿದೆ. ನಿಮ್ಮ ಪಡಸಾಲೆಯಲ್ಲಿ ಮಾತಾಡಿದ್ದು ಆ ವಿಷ, ಅಮೃತಾ.

ನಿಮ್ಮ ಮನೆಯಿಂದ ಇವರು ನನ್ನನ್ನು ನೇರ ದಾವಣಗೆರೆಯ ಆಸ್ಪತ್ರೆಗೆ ಒಯ್ದರಂತೆ; ಅಲ್ಲಿ ಎರಡು ದಿನ ಯಾರ ಗುರುತೂ ಹತ್ತಲಿಲ್ಲವಂತೆ. ಕಣ್ಣು ಬಿಟ್ಟಾಗ ಇವರು ನನ್ನ ಕಾಲು ಹಿಡಿದುಕೊಂಡು ಕೂತಿದ್ದರು. ಡಾಕ್ಟರು ಬೈಯಲಿಲ್ಲ. "ನಾಚಿಕಿ ದೊಡ್ಡದೋ ಜೀವ ದೊಡ್ಡದೋ, ಅಮ್ಮಾ?" ಎಂದರು, ಅಷ್ಟೇ. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಒಡೆಯದಂತೆ ರಬ್ಬರ್ ಬಳೆ ಹಾಕಿದ್ದಾರೆ. ಈಗ ಉಪ್ಪಿಲ್ಲದ ಪಲ್ಯ, ರೊಟ್ಟಿ. ಸಿರಪ್ಪನ್ನು ಇವರೇ ಎದುರು ನಿಂತು ಕುಡಿಸುತ್ತಾರೆ. ದಿನಾ ಬೆಳಿಗ್ಗೆ ನಾಲ್ಕು ಸಾಲು ಬರೆಯಬೇಕು; ಅಕ್ಷರ ಸೊಟ್ಟಗಾದರೆ ವಿಷ ಮತ್ತೆ ತಲೆಗೇರುತ್ತಿದೆ ಎಂದರ್ಥ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇವತ್ತಿನ ಸಾಲುಗಳು ನಿನಗೆ. ನಾಲ್ಕು ದಾಟಿದವು.

ಬೈಯಲಿಕ್ಕಾದರೂ ಒಮ್ಮೆ ಬಾ.

ನಿನ್ನ ಅಕ್ಕ,
ನೀಲಗಂಗಮ್ಮ

ತಾ.ಕ.: ಬೇಕೆಂದೇ ಇದನ್ನು ಕೊನೆಗಿಟ್ಟೆ. ನಿನ್ನೆ ಕಾನಹೊಸಹಳ್ಳಿಗೆ ಹೋಗಿ ಹುಡುಗನ ತಾಯಿಗೆ ಆಸ್ಪತ್ರೆಯ ಕಾಗದಗಳನ್ನೆಲ್ಲ ತೋರಿಸಿ, ಕೈ ಮುಗಿದು ಎಲ್ಲ ಹೇಳಿದೆ. ಆಕೆ ಕಾಗದಗಳನ್ನು ಮಡಚಿ ನನ್ನ ಕೈಗೆ ಕೊಟ್ಟು, "ನಿಮ್ ತಂಗಿಗೆ ಗೊತ್ತೈತೇನ್ರಿ?" ಎಂದು ಕೇಳಿದರು. ಇಲ್ಲವೆಂದೆ. "ಮೊದ್ಲು ಆಕಿಗೆ ಹೇಳ್ರಿ. ನಾವು ಸೋಮವಾರ ಹೊಳಲಿಗೆ ಬರ್ತೀವಿ" ಎಂದರು.