ಗುರುಗಳ ಉಸಿರು

ಅಕ್ಕಾ, ನಿನ್ನ ತಮ್ಮ ಇನ್ನೂ ಬದುಕಿದ್ದಾನೆ.

ಬಿ.ಪಿ. ಇಳಿಯುವವರೆಗೆ ಬಸ್ ಓಡಿಸಬಾರದು ಎಂದು ಡಿಪೋ ಡಾಕ್ಟರು ಹೇಳಿದ್ದೇ ತಡ, ನನ್ನನ್ನು ಈ ಧ್ಯಾನದ ಶಿಬಿರಕ್ಕೆ ದಬ್ಬಿದೆಯಲ್ಲ, ಇಲ್ಲಿ ಯಾರೂ ಮಾತಾಡುವಂತಿಲ್ಲ. ನಾನು ಕಣ್ಣು ಮುಚ್ಚಿದರೆ ಸಾಕು, ಅಡ್ಡ ಬಂದ ಸ್ಕೂಟರಿನವರೆಲ್ಲ ತಲೆಯೊಳಗೆ ನುಗ್ಗುತ್ತಾರೆ. ಮೊಣಕಾಲನ್ನೇ ಹಾರ್ನ್ ಎಂದುಕೊಂಡು ಒತ್ತುತ್ತಿರುತ್ತೇನೆ.

ಇವತ್ತು ಬೆಳಿಗ್ಗೆ ಗುರುಗಳು, "ಉಸಿರು ಎಲ್ಲಿಂದ ಹೊರಗೆ ಹೋಗ್ತಿದೆ, ಸುಮ್ನೆ ಗಮನಿಸಿ" ಎಂದರು. ಹಾಲ್ ನಿಶ್ಶಬ್ದವಾಯಿತು. ಅಷ್ಟರಲ್ಲಿ ಅವರದೇ ಉಸಿರು ಕೆಳಗಿನ ದಾರಿ ಹಿಡಿದು ಹೊರಟಿತು, ಅದೂ ಜೋರಾಗಿ! ಯಾರೂ ನಗಲಿಲ್ಲ. ಪಕ್ಕದಲ್ಲಿದ್ದ ರಿಟೈರ್ಡ್ ಹೆಡ್‌ಮೇಡಂ ಕರ್ಚೀಫನ್ನು ಬಾಯಿಗೆ ತುರುಕಿಕೊಂಡರು. ಗುರುಗಳು ಒಂದು ಕಣ್ಣು ತೆರೆದು, "ಅದನ್ನೂ ಗಮನಿಸಿದ್ರಿ ತಾನೆ?" ಎಂದರು. ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಗುರುಗಳೂ ಸೇರಿ.

ನಕ್ಕು ಸುಸ್ತಾದ ಮೇಲೆ ನೋಡುತ್ತೇನೆ, ತಲೆಯೊಳಗೆ ಯಾರೂ ಇಲ್ಲ. ಬೈಯಲು ಒಬ್ಬನೂ ಸಿಗಲಿಲ್ಲ. ಊಟದ ಗಂಟೆ ಹೊಡೆದರೂ ಏಳಲು ಮನಸ್ಸಾಗದೆ ಹಾಗೇ ಕೂತಿದ್ದೆ.

ಮಧ್ಯಾಹ್ನ ಶಿಬಿರದ ನರ್ಸಮ್ಮ ಬಿ.ಪಿ. ನೋಡಿ, "ಇಷ್ಟು ಇಳಿದಿದೆಯಲ್ರೀ, ಯಾವ ಮಾತ್ರೆ ತಗೊಂಡ್ರಿ?" ಎಂದು ಕೇಳಿದರು. ಏನಂತ ಹೇಳಲಿ! ಸೋಮವಾರದಿಂದ ಬಸ್ ಹತ್ತಬಹುದಂತೆ. ಭಾವನಿಗೆ ಮಾತ್ರ ಈ ಕಾರ್ಡ್ ತೋರಿಸಬೇಡ, ನಾಳೆಯಿಂದ ಮನೆಯಲ್ಲೇ ಗುರುಗಳಾಗಿಬಿಟ್ಟಾರು.

ನಿನ್ನ ತಮ್ಮ